ಒಡೆದ ದವಡೆ ಹಲ್ಲು: ಹೋದದ್ದಲ್ಲ, ಉಳಿದದ್ದೆಷ್ಟು ಎಂಬುದು ಲೆಕ್ಕ

ಪ್ರಶ್ನೆ: ನನಗೆ 47 ವರ್ಷ. ಪೊನ್ನಂಪೇಟೆ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಬಲಗಡೆ ಕೆಳಗಿನ ದವಡೆ ಹಲ್ಲಿಗೆ ಬಹಳ ವರ್ಷಗಳ ಹಿಂದೆ ಬೆಳ್ಳಿ ಬಣ್ಣದ ಫಿಲ್ಲಿಂಗ್ ಮಾಡಿಸಿದ್ದೆ. ಈ ಸಲ ಹುತ್ತರಿ ಊಟದಲ್ಲಿ ಎಲುಬಿನ ಚೂರು ಸಿಕ್ಕಿ, ಆ ಹಲ್ಲಿನ ನಾಲಿಗೆ ಕಡೆಯ ಗೋಡೆ ಒಡೆದು ಬಂತು. ತಣ್ಣೀರು ತಾಗಿದರೆ ಜುಮ್ ಎನ್ನುತ್ತದೆ, ಬೇರೆ ನೋವಿಲ್ಲ. ಗೋಣಿಕೊಪ್ಪಲಿನ ವೈದ್ಯರು ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕೋಣ ಎಂದರು. ಮೈಸೂರಿನಲ್ಲಿ ತೋರಿಸಿದರೆ, ಕಿತ್ತು ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಹಾಕಿಸಿಕೊಳ್ಳಿ, ಜೀವನಪರ್ಯಂತ ಚಿಂತೆಯಿಲ್ಲ ಎಂದರು. ಯಾರ ಮಾತು ಕೇಳಲಿ? ಎಡಗಡೆ ಕೆಳಗೆ ಒಂದು ಹಲ್ಲನ್ನು ಆರು ವರ್ಷಗಳ ಹಿಂದೆ ಕೀಳಿಸಿದ್ದೇನೆ, ಆ ಜಾಗ ಖಾಲಿಯೇ ಇದೆ. ಅದಕ್ಕೂ ಏನಾದರೂ ಮಾಡಿಸಬೇಕೇ? ಕೊಯ್ಲಿನ ಕೆಲಸವೆಲ್ಲ ಮುಗಿದ ಮೇಲೆ ಹೋದರೆ ಆದೀತೇ? ಅತ್ತೆಯವರಿಗೆ 74 ವರ್ಷ, ಕೆಳಗಿನ ಹಲ್ಲಿನ ಸೆಟ್ ನಿಲ್ಲುವುದೇ ಇಲ್ಲ. ಹದಿನಾಲ್ಕು ವರ್ಷದ ಮಗ ಮೊನ್ನೆ ಹಾಕಿ ಆಡುವಾಗ ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡಿದ್ದಾನೆ.

ಉತ್ತರ: ನೀವು ಕೊನೆಗೆ ಬರೆದ ಮಗನ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅವಸರ ಇರುವುದು ಅಲ್ಲಿ.

ಮುರಿದ ಜಾಗವನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಬರೀ ಬಿಳಿ ಇದ್ದರೆ ಮೇಲಿನ ಎನಾಮಲ್ ಮಾತ್ರ ಹೋಗಿದೆ ಎಂದರ್ಥ. ಹಳದಿ ಕಂಡರೆ ಒಳಗಿನ ಡೆಂಟಿನ್ ತೆರೆದುಕೊಂಡಿದೆ, ಒಂದೆರಡು ದಿನದಲ್ಲಿ ಮುಚ್ಚಿಸಬೇಕು. ನಡುವೆ ಕೆಂಪು ಚುಕ್ಕೆ ಇದ್ದರೆ ನರಕ್ಕೇ ತಾಗಿದೆ, ಅಂದೇ ಕರೆದುಕೊಂಡು ಹೋಗಿ. ಈ ವಯಸ್ಸಿನ ಹಲ್ಲಿನಲ್ಲಿ ರಕ್ತ ಸಂಚಾರ ಚೆನ್ನಾಗಿರುತ್ತದೆ, ಬೇಗ ಹೋದರೆ ನರದ ಮೇಲ್ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಜೀವಂತವಾಗಿ ಉಳಿಸಲು ಸಾಧ್ಯ. ಮುರಿದ ಚೂರು ಸಿಕ್ಕಿದ್ದರೆ ನೀರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಅದನ್ನೇ ಅಂಟಿಸಲು ಎಷ್ಟೋ ಸಲ ಆಗುತ್ತದೆ, ಬಣ್ಣ ಹೊಂದಿಸುವ ತಲೆನೋವೂ ತಪ್ಪುತ್ತದೆ. ಚೂರು ಇಲ್ಲದಿದ್ದರೆ ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ವಸ್ತುವಿನಿಂದ ಮೂಲೆಯನ್ನು ಕಟ್ಟಿ, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ಈಗಲೇ ಕ್ಯಾಪ್ ಹಾಕಿಸಲು ಹೋಗಬೇಡಿ. ಆರೇಳು ವಾರ ಕಳೆದ ಮೇಲೊಮ್ಮೆ, ವರ್ಷ ತುಂಬಿದ ಮೇಲೊಮ್ಮೆ ತೋರಿಸಿ. ಪೆಟ್ಟು ಬಿದ್ದ ಹಲ್ಲಿನ ನರ ಸದ್ದಿಲ್ಲದೆ ಸಾಯುವುದುಂಟು. ಹಲ್ಲು ಬೂದು ಬಣ್ಣಕ್ಕೆ ತಿರುಗಿದಾಗಲೇ ಮನೆಯವರಿಗೆ ಗೊತ್ತಾಗುತ್ತದೆ.

ನಮ್ಮ ಕೊಡಗು ಜಿಲ್ಲೆಯಲ್ಲಿ ಇದನ್ನು ಇನ್ನಷ್ಟು ಒತ್ತಿ ಹೇಳಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊಮ್ಮಗನಿಂದ ಅಜ್ಜನವರೆಗೆ ಎಲ್ಲರೂ ಕೋಲು ಹಿಡಿದು ಇಳಿಯುತ್ತಾರೆ. ಆದರೆ ಬಾಯಿಗೆ ಮೌತ್‌ಗಾರ್ಡ್ ಹಾಕಿಕೊಂಡವರನ್ನು ಹುಡುಕಿ ನೋಡಬೇಕು. ಕಾಲಿಗೆ ಪ್ಯಾಡ್ ಕೊಡಿಸುವ ತಂದೆತಾಯಿ ಹಲ್ಲಿಗೆ ಯಾಕೆ ಕೊಡಿಸುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಹೊಂದಿಸಿಕೊಳ್ಳುವ ಸಾಧಾರಣ ಗಾರ್ಡ್ ಕೂಡ ಇಲ್ಲದಿರುವುದಕ್ಕಿಂತ ಮೇಲು. ಮುಂದೆಂದಾದರೂ ಶಾಶ್ವತ ಹಲ್ಲು ಬೇರುಸಹಿತ ಕಿತ್ತು ಮೈದಾನದಲ್ಲಿ ಬಿದ್ದರೆ, ಅದನ್ನು ಕಚ್ಚುವ ತುದಿಯಿಂದ ಹಿಡಿದೆತ್ತಿ. ಬೇರನ್ನು ಉಜ್ಜಬೇಡಿ, ಬಟ್ಟೆಯಲ್ಲಿ ಒರೆಸಬೇಡಿ. ಮಣ್ಣಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ ತೆಗೆದು ಅದೇ ಗೂಡಿಗೆ ಕೂರಿಸಿ, ಮೆಲ್ಲನೆ ಬಟ್ಟೆ ಕಚ್ಚಿಸಿ. ಧೈರ್ಯ ಬಾರದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯೊಳಗೆ ದಂತ ವೈದ್ಯರ ಬಳಿ ಓಡಿ. ಹೊತ್ತು ಮೀರಿದಷ್ಟೂ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಹಾಲುಹಲ್ಲಾದರೆ ಮಾತ್ರ ಹಿಂದಕ್ಕೆ ಕೂರಿಸಬಾರದು.

ಇನ್ನು ನಿಮ್ಮ ಹಲ್ಲು.

ಇಬ್ಬರು ವೈದ್ಯರು ಎರಡು ಮಾತು ಹೇಳಿದರೆಂದು ಅವರಲ್ಲೊಬ್ಬರು ಮೋಸಗಾರರು ಎಂದು ತಿಳಿಯಬೇಕಿಲ್ಲ. ಒಂದೇ ಹಲ್ಲಿಗೆ ಎರಡು ಒಪ್ಪಬಹುದಾದ ದಾರಿಗಳು ಇರುತ್ತವೆ. ಆದರೆ ತೀರ್ಮಾನಕ್ಕೆ ಬೇಕಾದ ಮುಖ್ಯ ಸಂಗತಿ ನಿಮ್ಮ ಪತ್ರದಲ್ಲಿಲ್ಲ. ಒಡೆದು ಹೋದದ್ದೆಷ್ಟು ಎಂದು ಬರೆದಿದ್ದೀರಿ, ಗಟ್ಟಿಯಾಗಿ ಉಳಿದದ್ದೆಷ್ಟು ಎಂದು ಬರೆದಿಲ್ಲ. ಒಡೆದ ಅಂಚು ಒಸಡಿಗಿಂತ ಮೇಲಿದೆಯೇ, ಒಸಡಿನೊಳಗೆ ಇಳಿದಿದೆಯೇ, ಮೂಳೆಯವರೆಗೂ ಹೋಗಿದೆಯೇ? ಹಲ್ಲು ಉಳಿಯುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ.

ಕಾರಣ ಹೇಳುತ್ತೇನೆ. ಕತ್ತಿಯ ಮರದ ಹಿಡಿ ಸೀಳದಿರಲಿ ಎಂದು ಅದರ ಬಾಯಿಗೆ ಕಬ್ಬಿಣದ ಬಳೆ ಹಾಕುತ್ತಾರಲ್ಲ, ಕ್ಯಾಪಿನ ಅಂಚು ಹಲ್ಲಿಗೆ ಮಾಡುವ ಕೆಲಸವೂ ಅದೇ. ಬಳೆ ಹಿಡಿದುಕೊಳ್ಳಲು ಮರ ಬೇಕು. ಒಸಡಿನ ಮೇಲೆ ಸುತ್ತಲೂ ಸುಮಾರು ಎರಡು ಮಿಲಿಮೀಟರ್ ಎತ್ತರದ ಗಟ್ಟಿ ಹಲ್ಲು ಇದ್ದರೆ ಕ್ಯಾಪ್ ಅದನ್ನು ತಬ್ಬಿ ಹಿಡಿಯುತ್ತದೆ, ಜಗಿಯುವ ಭಾರ ಬೇರಿಗೆ ಸರಿಯಾಗಿ ಇಳಿಯುತ್ತದೆ. ಅಷ್ಟಿಲ್ಲದೆ ಬರೀ ಸಿಮೆಂಟಿನ ದಿಬ್ಬದ ಮೇಲೆ ಕ್ಯಾಪ್ ಕೂರಿಸಿದರೆ ಕೆಲವು ವರ್ಷಗಳಲ್ಲಿ ಅದು ಕಳಚಿ ಕೈಗೆ ಬರುತ್ತದೆ, ಇಲ್ಲವೇ ಬೇರೇ ಸೀಳುತ್ತದೆ. ಒಂದೇ ಕಡೆ ಕಡಿಮೆ ಬಿದ್ದರೆ ಒಸಡನ್ನೂ ಮೂಳೆಯನ್ನೂ ಸ್ವಲ್ಪ ತಗ್ಗಿಸಿ ಎತ್ತರ ಗಿಟ್ಟಿಸಿಕೊಳ್ಳುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ನಾಲ್ಕೂ ಕಡೆ ಇಲ್ಲವೆಂದಾದರೆ, ಬಿರುಕು ಹಲ್ಲಿನ ತಳ ದಾಟಿ ಬೇರಿಗೆ ಇಳಿದಿದ್ದರೆ, ಅಥವಾ ಒಸಡಿನ ರೋಗದಿಂದ ಹಲ್ಲು ಈಗಾಗಲೇ ಅಲುಗಾಡುತ್ತಿದ್ದರೆ ಮೈಸೂರಿನವರು ಹೇಳಿದ್ದೇ ಸರಿ.

ನಿಮ್ಮ ವಿವರಣೆಯಿಂದ ನನಗೆ ಹಾಗೆ ಅನ್ನಿಸುತ್ತಿಲ್ಲ. ಹಳೆಯ ದೊಡ್ಡ ಬೆಳ್ಳಿ ಫಿಲ್ಲಿಂಗ್ ಇರುವ ಕೆಳದವಡೆ ಹಲ್ಲಿನಲ್ಲಿ ನಾಲಿಗೆ ಕಡೆಯ ಗೋಡೆ ಒಡೆಯುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಆ ಫಿಲ್ಲಿಂಗ್ ಹಲ್ಲಿಗೆ ಅಂಟುವುದಿಲ್ಲ, ಕೊರೆದ ಗುಳಿಯ ಆಕಾರದಿಂದ ಮಾತ್ರ ನಿಲ್ಲುತ್ತದೆ. ಅದರ ಸುತ್ತ ಉಳಿದ ಗೋಡೆಗಳು ಯಾರ ಆಸರೆಯೂ ಇಲ್ಲದೆ ವರ್ಷಗಟ್ಟಲೆ ಬಾಗಿ ಬಾಗಿ ಒಂದು ದಿನ ಒಡೆಯುತ್ತವೆ. ಎಲುಬಿನ ಚೂರು ನೆಪ ಮಾತ್ರ. ಬೆಳ್ಳಿ ಫಿಲ್ಲಿಂಗಿನಲ್ಲಿ ಪಾದರಸ ಇದೆಯಂತೆ, ಉಳಿದವನ್ನೂ ತೆಗೆಸಿಬಿಡಲೇ ಎಂದು ಕೆಲವರು ಕೇಳುತ್ತಾರೆ. ಪಾದರಸ ಇರುವುದು ನಿಜ. ಯುರೋಪಿಯನ್ ಒಕ್ಕೂಟ 2025ರಿಂದ ಅದರ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿರುವುದೂ ನಿಜ. ಅದು ಮುಖ್ಯವಾಗಿ ನೀರು ಮಣ್ಣು ಸೇರುವ ಪಾದರಸವನ್ನು ತಗ್ಗಿಸಲು ತೆಗೆದುಕೊಂಡ ಕ್ರಮ. ಬಾಯಿಯಲ್ಲಿ ಗಟ್ಟಿಯಾಗಿ ಕೂತಿರುವ ಫಿಲ್ಲಿಂಗನ್ನು ಸುಮ್ಮನೆ ಕೊರೆಸಿ ತೆಗೆಸಬೇಡಿ. ಕೊರೆಯುವಾಗಲೇ ಹೆಚ್ಚು ಆವಿ ಏಳುತ್ತದೆ, ಜತೆಗೆ ಒಂದಿಷ್ಟು ಒಳ್ಳೆಯ ಹಲ್ಲೂ ಹೋಗುತ್ತದೆ.

ರೂಟ್ ಕೆನಾಲ್ ಬೇಕೇ, ಅಂದರೆ ಒಳಗಿನ ನರವನ್ನು ತೆಗೆಯಬೇಕೇ ಎನ್ನುವುದು ಬೇರೆಯೇ ಪ್ರಶ್ನೆ. ತಣ್ಣೀರು ನುಂಗಿದ ಕೆಲವೇ ಸೆಕೆಂಡುಗಳಲ್ಲಿ ಜುಮ್ಮೆನ್ನುವುದು ನಿಲ್ಲುತ್ತದೆಯೇ? ಹಾಗಾದರೆ ನರ ಜೀವಂತವಾಗಿದೆ, ಕೆರಳಿದೆ ಅಷ್ಟೆ. ಮುಚ್ಚಿದರೆ ಶಾಂತವಾಗಬಹುದು. ನೋವು ನಿಮಿಷಗಟ್ಟಲೆ ಉಳಿದರೆ, ಬಿಸಿ ಕಾಫಿಗೆ ಹೆಚ್ಚಾದರೆ, ರಾತ್ರಿ ತಾನಾಗಿ ಎದ್ದು ನಿದ್ದೆ ಕೆಡಿಸಿದರೆ ನರ ಕೊಳೆಯುವ ಹಾದಿಯಲ್ಲಿದೆ. ಕಚ್ಚುವಾಗಲ್ಲ, ಕಚ್ಚಿ ಬಿಡುವಾಗ ಚುಳ್ಳೆಂದರೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ನೀವು ಬರೆದಷ್ಟೇ ನೋವಾದರೆ ಇಬ್ಬರೂ ಹೇಳದ ಮೂರನೆಯ ದಾರಿಯೊಂದು ತೆರೆದಿರಬಹುದು: ನರವನ್ನು ಮುಟ್ಟದೆ, ಒಡೆದ ಗೋಡೆಯ ಜಾಗವನ್ನೂ ಜಗಿಯುವ ಮೇಲ್ಮೈಯನ್ನೂ ಹೊದಿಸುವ ಆನ್‌ಲೇ, ಅಥವಾ ನೇರವಾಗಿ ಕ್ಯಾಪ್. ಹಾಗೆಂದು ಗೋಣಿಕೊಪ್ಪಲಿನವರು ತಪ್ಪು ಹೇಳಿದರೆಂದು ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ಹಳೆಯ ಫಿಲ್ಲಿಂಗಿನ ಅಡಿಯಲ್ಲಿ ಹುಳುಕು ನರದವರೆಗೆ ಹೋಗಿರುವುದು ಅವರಿಗೆ ಎಕ್ಸ್‌ರೇಯಲ್ಲಿ ಕಂಡಿರಬಹುದು. ನೀವು ಕೇಳಬೇಕಾದದ್ದು ಇಷ್ಟು: ಎಕ್ಸ್‌ರೇ ತೋರಿಸಿ, ಹುಳುಕು ಎಲ್ಲಿದೆ, ನರ ಎಲ್ಲಿದೆ, ತಣ್ಣನೆಯ ಪರೀಕ್ಷೆಗೆ ಈ ಹಲ್ಲೂ ಪಕ್ಕದ ಹಲ್ಲೂ ಹೇಗೆ ಸ್ಪಂದಿಸಿದವು. ತಾಳ್ಮೆಯಿಂದ ತೋರಿಸಿ ಹೇಳುವವರ ಬಳಿ ಚಿಕಿತ್ಸೆ ಮಾಡಿಸಿ.

ರೂಟ್ ಕೆನಾಲ್ ಮಾಡಲೇಬೇಕಾದರೆ ಹೆದರಬೇಡಿ. ದವಡೆಯ ಹಿಂಬದಿಗೆ ಕೊಡುವ ಚುಚ್ಚುಮದ್ದಿಗೆ ಅರ್ಧ ತುಟಿ ಎರಡು ಮೂರು ಗಂಟೆ ಮರಗಟ್ಟಿರುತ್ತದೆ, ನೋವು ತಿಳಿಯುವುದಿಲ್ಲ. ಕೆಳಗಿನ ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರು, ಕೆಲವೊಮ್ಮೆ ನಾಲ್ಕು ನಾಳಗಳಿರುತ್ತವೆ. ಅವನ್ನೆಲ್ಲ ಹುಡುಕಿ, ಸಣ್ಣ ಅರಗಳಿಂದ ಕೆರೆದು, ಔಷಧದ ನೀರಿನಿಂದ ತೊಳೆದು, ಒಣಗಿಸಿ, ಗಟ್ಟಾಪರ್ಚಾ ತುಂಬುತ್ತಾರೆ. ಮಾಕುಟ್ಟದ ರಬ್ಬರ್ ತೋಟ ನೋಡಿದ ನಿಮಗೆ ಇದು ಕುತೂಹಲ ತಂದೀತು: ಗಟ್ಟಾಪರ್ಚಾ ಕೂಡ ಮಲಯಾ ಕಡೆಯ ಮರದ ಹಾಲೇ. ಹಲ್ಲಿನ ಸುತ್ತ ತೆಳುವಾದ ರಬ್ಬರ್ ಹಾಳೆ ಕಟ್ಟಿ ಕೆಲಸ ಮಾಡುವ ವೈದ್ಯರು ಸಿಕ್ಕರೆ ಅದೃಷ್ಟ. ಉಗುಳು ಒಳಗೆ ಹೋಗದಿರುವುದೇ ಈ ಚಿಕಿತ್ಸೆಯ ಅರ್ಧ ಯಶಸ್ಸು.

ಉಳಿದರ್ಧವನ್ನು ರೋಗಿಗಳೇ ಕೆಡಿಸಿಕೊಳ್ಳುತ್ತಾರೆ. ನೋವು ಹೋಯಿತು, ಕ್ಯಾಪಿಗೆ ಆಮೇಲೆ ಬರುತ್ತೇನೆ ಎಂದು ಹೋದವರು ವರ್ಷ ಕಳೆದ ಮೇಲೆ ಎರಡು ಹೋಳಾದ ಹಲ್ಲು ಹಿಡಿದು ಬರುತ್ತಾರೆ. ರೂಟ್ ಕೆನಾಲ್ ಆದ ಹಿಂಬದಿಯ ಹಲ್ಲಿಗೆ ಕ್ಯಾಪ್ ಹಾಕದಿದ್ದರೆ ಅದನ್ನು ಕಳೆದುಕೊಳ್ಳುವ ಸಂಭವ ಹಲವು ಪಟ್ಟು ಹೆಚ್ಚು. ಕೆಲವೇ ವಾರಗಳಲ್ಲಿ ಕ್ಯಾಪ್ ಬೀಳಬೇಕು. ಎರಡಕ್ಕೂ ಒಟ್ಟಿಗೆ ಹಣ ಹೊಂದಿಸಿಕೊಂಡೇ ಶುರು ಮಾಡಿ. ರೂಟ್ ಕೆನಾಲಿಗೆ ಮಾತ್ರ ದುಡ್ಡಿದೆ, ಕ್ಯಾಪಿಗೆ ಇಲ್ಲ ಎನ್ನುವ ಸ್ಥಿತಿ ಇದ್ದರೆ ಅದನ್ನು ಮೊದಲೇ ವೈದ್ಯರಿಗೆ ಹೇಳುವುದರಲ್ಲಿ ನಾಚಿಕೆಯಿಲ್ಲ. ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಡೆಂಟಲ್ ಸೈನ್ಸಸ್ 1999ರಿಂದ ವಿರಾಜಪೇಟೆಯಲ್ಲಿದೆ. ದಂತ ಕಾಲೇಜುಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ, ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಜಾಸ್ತಿ. ಪ್ರತಿ ಹೆಜ್ಜೆಯನ್ನೂ ಇನ್ನೊಂದು ಜೊತೆ ಕಣ್ಣು ಪರೀಕ್ಷಿಸುತ್ತದೆ ಎನ್ನುವುದನ್ನು ನಾನು ಲಾಭದ ಕಡೆಗೇ ಬರೆಯುತ್ತೇನೆ.

ಕ್ಯಾಪಿನ ಬಗೆಗಳ ಗೊಂದಲದಲ್ಲಿ ತುಂಬ ಹೊತ್ತು ಕಳೆಯಬೇಡಿ. ಪೂರ್ತಿ ಲೋಹದ್ದಕ್ಕೆ ಹಲ್ಲನ್ನು ಕಡಿಮೆ ಉಜ್ಜಿದರೆ ಸಾಕು, ಗಟ್ಟಿ, ಅಗ್ಗ. ನಕ್ಕರೆ ಕಾಣುವುದಿಲ್ಲವೆಂದಾದರೆ ಹಿಂಬದಿಗೆ ಇಂದಿಗೂ ಒಳ್ಳೆಯದು, ಆದರೆ ಈಗ ಕೇಳುವವರಿಲ್ಲ. ಕಿವಿಯೋಲೆಯ ಲೋಹಕ್ಕೆ ಚರ್ಮ ಕೆರೆತ ಬರುವವರು ಮಾತ್ರ ನಿಕ್ಕಲ್ ಇಲ್ಲದ ಲೋಹ ಕೇಳಿ. ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದು ಮಧ್ಯದ ದಾರಿ, ಪಿಂಗಾಣಿ ಚಕ್ಕೆ ಏಳುವುದುಂಟು. ಜಿರ್ಕೋನಿಯಾ ಹಲ್ಲಿನ ಬಣ್ಣದ್ದು, ಬಲಿಷ್ಠ, ದುಬಾರಿ. ಅದರ ಜೊತೆ ಕೊಡುವ ಹತ್ತು ಹದಿನೈದು ವರ್ಷಗಳ ವಾರಂಟಿ ಕಾರ್ಡ್ ಸಾಮಾನ್ಯವಾಗಿ ಕ್ಯಾಪ್ ಒಡೆಯುವುದಕ್ಕೆ ಮಾತ್ರ. ಕ್ಯಾಪಿನ ಅಂಚಿನಲ್ಲಿ ಹಲ್ಲು ಹುಳುಕಾದರೆ ಆ ಕಾರ್ಡು ಉತ್ತರ ಕೊಡುವುದಿಲ್ಲ. ಹುಳುಕು ಮತ್ತೆ ಹತ್ತುವುದು ಅಲ್ಲಿಯೇ. ದಿನಕ್ಕೆ ಮೂರು ನಾಲ್ಕು ಸಲ ಬೆಲ್ಲದ ಕಾಫಿ ಕುಡಿಯುವ ಮನೆಗಳಲ್ಲಿ ಬೇಗ ಹತ್ತುತ್ತದೆ. ಕಾಫಿ ಬಿಡಿ ಎನ್ನುವ ಧೈರ್ಯ ನನಗಿಲ್ಲ. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಎಳೆಯಬೇಡಿ, ಮುಗಿದ ಮೇಲೆ ನೀರು ಮುಕ್ಕಳಿಸಿ, ರಾತ್ರಿ ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಹಲ್ಲುಜ್ಜಿ ಮಲಗಿ.

ಇಂಪ್ಲಾಂಟ್ ಒಳ್ಳೆಯ ಚಿಕಿತ್ಸೆ. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಮೂಳೆಯ ಮೇಲಿನ ಪ್ರಯೋಗದಲ್ಲಿ ಕಂಡುಕೊಂಡರು, 1965ರಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಈಗ ಅದು ಪರೀಕ್ಷೆಗೆ ನಿಂತ ವಿದ್ಯೆ. ಆದರೆ ‘ಜೀವನಪರ್ಯಂತ ಚಿಂತೆಯಿಲ್ಲ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಂಪ್ಲಾಂಟಿಗೆ ಹುಳುಕು ಹತ್ತುವುದಿಲ್ಲ, ಸುತ್ತಲಿನ ಒಸಡಿಗೆ ಸೋಂಕು ಹತ್ತುತ್ತದೆ. ಅದರಿಂದ ಮೂಳೆ ಕರಗುತ್ತದೆ, ನೋವಿಲ್ಲದೆ ಕರಗುವುದರಿಂದ ಗೊತ್ತಾಗುವುದು ತಡ. ತಿರುಪು ಸಡಿಲವಾಗುವುದು, ಮೇಲಿನ ಕ್ಯಾಪ್ ಚಕ್ಕೆ ಏಳುವುದು ಎಲ್ಲ ಇದ್ದದ್ದೇ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಸಿಗರೇಟು ಇವೆರಡೂ ಅದರ ಶತ್ರುಗಳು. ಎಲೆ ಅಡಿಕೆ, ಹೊಗೆಸೊಪ್ಪು ಒಸಡನ್ನೇ ಹಾಳು ಮಾಡುತ್ತವೆ. ಎಲ್ಲಕ್ಕಿಂತ ದೊಡ್ಡ ಕಾರಣ ಇದು: ಈಗ ಹಲ್ಲು ಉಳಿಸಿ, ಹತ್ತು ವರ್ಷ ಬಿಟ್ಟು ಅದು ಕೈಕೊಟ್ಟರೆ ಇಂಪ್ಲಾಂಟಿನ ದಾರಿ ಆಗಲೂ ಇರುತ್ತದೆ. ಕಿತ್ತ ಹಲ್ಲಿಗೆ ಹಿಂದಿರುಗುವ ದಾರಿ ಇಲ್ಲ. ಆದ್ದರಿಂದ ಗಟ್ಟಿ ಹಲ್ಲು ಬೇಕಾದಷ್ಟು ಉಳಿದಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ನನ್ನ ಮತ ಉಳಿಸುವ ಕಡೆಗೆ.

ಕೊಯ್ಲು ಮುಗಿಯಲಿ ಎಂದಿರಿ. ರೋಬಸ್ಟಾ ಮುಗಿಯುವಷ್ಟರಲ್ಲಿ ಮೆಣಸು ಬರುತ್ತದೆ, ಮೆಣಸು ಮುಗಿಯುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ದಾರಿ ಕಾಯಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಎಳೆದಾಡಬೇಕು, ಆಮೇಲೆ ಮದುವೆಗಳು, ಕಣ್ಣು ಬಿಡುವಷ್ಟರಲ್ಲಿ ಜೂನ್. ನಮ್ಮ ಕಡೆ ಹಲ್ಲುಗಳು ಹಾಳಾಗುವುದು ಈ ಪಂಚಾಂಗದಲ್ಲಿಯೇ. ಈ ವಾರವೇ ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ, ಒಡೆದ ಜಾಗಕ್ಕೆ ತಾತ್ಕಾಲಿಕ ಸಿಮೆಂಟ್ ಹಾಕಿಸಿ. ಗ್ಲಾಸ್ ಅಯನೊಮರ್ ಎನ್ನುವ ಸಿಮೆಂಟ್ ಹಲ್ಲಿಗೆ ಅಂಟುತ್ತದೆ, ಸ್ವಲ್ಪ ಫ್ಲೋರೈಡ್ ಕೂಡ ಬಿಡುತ್ತದೆ, ಕೆಲವು ವಾರಗಳ ಕಾಲ ನಿಮ್ಮನ್ನು ಕಾಯುತ್ತದೆ. ಆ ಬದಿಯಲ್ಲಿ ಗಟ್ಟಿ ಪದಾರ್ಥ ಜಗಿಯಬೇಡಿ. ಉಳಿದ ಕೆಲಸ, ಕ್ಯಾಪ್ ಸಹಿತ, ಮಳೆಗಾಲಕ್ಕೆ ಮೊದಲೇ ಮುಗಿಯಲಿ. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟ್ ಇಲ್ಲದ ದಿನವೇ ತಾತ್ಕಾಲಿಕ ಕ್ಯಾಪ್ ಕಳಚಿ ಬೀಳುವುದು ವಾಡಿಕೆ.

ಎಡಗಡೆಯ ಖಾಲಿ ಜಾಗದ ವಿಷಯಕ್ಕೆ ಬಂದರೆ, ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇಷ್ಟವಾಗದ ಮಾತೊಂದನ್ನು ಹೇಳುತ್ತೇನೆ. ಬಾಯಿಯಲ್ಲಿರುವ ಪ್ರತಿ ಸಂದನ್ನೂ ತುಂಬಲೇಬೇಕೆಂದಿಲ್ಲ. ಎಂಬತ್ತನೆಯ ವಯಸ್ಸಿನಲ್ಲಿ ಇಪ್ಪತ್ತು ಸ್ವಂತ ಹಲ್ಲುಗಳು ಇರಲಿ ಎಂದು ಜಪಾನಿನವರು 1989ರಲ್ಲಿ ಒಂದು ಅಭಿಯಾನ ಶುರು ಮಾಡಿದರು. ಮೂವತ್ತೆರಡು ಬೇಕೆಂದು ಅವರೂ ಹಟ ಹಿಡಿಯಲಿಲ್ಲ. ಸರಿಯಾಗಿ ಕೂಡುವ ಇಪ್ಪತ್ತು ಹಲ್ಲುಗಳಲ್ಲಿ ಬಹಳ ಜನ ಚೆನ್ನಾಗಿಯೇ ಊಟ ಮಾಡುತ್ತಾರೆ. ಹಲ್ಲು ಕಿತ್ತ ಜಾಗಕ್ಕೆ ಹಿಂದಿನ ಹಲ್ಲು ವಾಲುವುದು, ಮೇಲಿನ ಹಲ್ಲು ಕೆಳಗಿಳಿಯುವುದು ಎಲ್ಲ ನಡೆಯುವುದು ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲಿ. ಆರು ವರ್ಷ ಕಳೆದರೂ ಹೆಚ್ಚು ಕದಲಿಲ್ಲ, ಆಹಾರ ಸಿಕ್ಕಿಕೊಳ್ಳುವುದಿಲ್ಲ, ಜಗಿಯಲು ತೊಂದರೆಯಿಲ್ಲ ಎಂದಾದರೆ ಅದನ್ನು ಹಾಗೆಯೇ ಬಿಟ್ಟು ವರ್ಷಕ್ಕೊಮ್ಮೆ ನೋಡುತ್ತಿದ್ದರೆ ಸಾಕು. ಇರುವ ಹಣವನ್ನು ಬಲಗಡೆಯ ಹಲ್ಲಿಗೆ ಹಾಕಿ.

ತುಂಬಿಸಲೇಬೇಕು ಅನ್ನಿಸಿದರೆ ಅಕ್ಕಪಕ್ಕದ ಹಲ್ಲುಗಳನ್ನು ನೋಡಿ ನಿರ್ಧರಿಸಿ. ಬ್ರಿಡ್ಜ್, ಅಂದರೆ ಅಕ್ಕಪಕ್ಕದ ಹಲ್ಲುಗಳ ಕ್ಯಾಪಿಗೆ ಜೋಡಿಸಿದ ಕೃತಕ ಹಲ್ಲು, ಹಾಕಲು ಎರಡೂ ಬದಿಯ ಹಲ್ಲುಗಳನ್ನು ಸುತ್ತಲೂ ಉಜ್ಜಬೇಕು. ಅವು ಆರೋಗ್ಯವಾಗಿದ್ದರೆ ಒಂದು ಹಲ್ಲಿಗಾಗಿ ಎರಡನ್ನು ಬಲಿ ಕೊಟ್ಟಂತಾಗುತ್ತದೆ, ಅಂಥಲ್ಲಿ ಇಂಪ್ಲಾಂಟ್ ಮೇಲು. ಅವಕ್ಕೆ ಈಗಾಗಲೇ ದೊಡ್ಡ ಫಿಲ್ಲಿಂಗ್ ಇದ್ದು ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಬುದ್ಧಿವಂತಿಕೆಯ ಆಯ್ಕೆ. ಎರಡು ಮೂರು ವಾರಗಳಲ್ಲಿ ಕೆಲಸ ಮುಗಿಯುತ್ತದೆ, ಕೆಳದವಡೆಯ ಇಂಪ್ಲಾಂಟಿನಲ್ಲಿ ಮೂಳೆ ಬೆಸೆಯಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಕಾಯಬೇಕು. ಬ್ರಿಡ್ಜಿನ ಅಡಿಯಲ್ಲಿ ಸಿಕ್ಕಿಕೊಳ್ಳುವುದನ್ನು ತೆಗೆಯಲು ಸಣ್ಣ ಬ್ರಷ್ ಬರುತ್ತದೆ, ಅದನ್ನು ಬಳಸುವ ಅಭ್ಯಾಸ ಮಾಡಿಕೊಳ್ಳುವವರಿಗೆ ಮಾತ್ರ ಬ್ರಿಡ್ಜ್ ಬಾಳುತ್ತದೆ. ಇಂಪ್ಲಾಂಟ್ ಆದರೆ ಆರು ವರ್ಷಗಳಲ್ಲಿ ಅಲ್ಲಿನ ಮೂಳೆ ಸವೆದು ಕಿರಿದಾಗಿರಬಹುದು, ಕೆಳಗೆ ತುಟಿಗೆ ಹೋಗುವ ನರವೂ ಇದೆ. ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ ಅಗಲ ಎತ್ತರ ಅಳೆಯದೆ ಒಪ್ಪಬೇಡಿ.

ಅತ್ತೆಯವರ ಕೆಳಗಿನ ಸೆಟ್ ನಿಲ್ಲದಿರುವುದು ಅವರ ತಪ್ಪಲ್ಲ, ಬಹುಶಃ ಮಾಡಿಕೊಟ್ಟವರ ತಪ್ಪೂ ಅಲ್ಲ. ಮೇಲಿನ ಸೆಟ್ಟಿಗೆ ಅಂಗುಳಿನ ಅಗಲವಾದ ಆಸರೆ ಇದೆ. ಕೆಳಗಿನದು ಸಣ್ಣ ದಿಣ್ಣೆಯ ಮೇಲೆ ಕೂತು ನಾಲಿಗೆಯ ಜೊತೆ ಸದಾ ಗುದ್ದಾಡಬೇಕು. ಹಲ್ಲು ಹೋದ ಮೇಲೆ ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಹಲವು ಪಟ್ಟು ವೇಗವಾಗಿ ಸವೆಯುತ್ತದೆ. ಸೆಟ್ ಚೆನ್ನಾಗಿದ್ದು ಒಳಗೆ ಮಾತ್ರ ಸಡಿಲವಾಗಿದ್ದರೆ ರೀಲೈನ್ ಮಾಡಿಸಬಹುದು, ಅಂದರೆ ಒಳಮೈಯನ್ನು ಈಗಿನ ಒಸಡಿಗೆ ಹೊಂದುವಂತೆ ಹೊಸದಾಗಿ ತುಂಬಿಸುವುದು. ಹಲ್ಲುಗಳೇ ಸವೆದು ಚಪ್ಪಟೆಯಾಗಿದ್ದರೆ ಹೊಸ ಸೆಟ್ ಬೇಕು. ಅದೂ ನಿಲ್ಲದಿದ್ದರೆ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ಹಾಕಿ, ಗುಂಡಿಯಂತೆ ಸೆಟ್ಟನ್ನು ಅದಕ್ಕೆ ಸಿಕ್ಕಿಸುವ ವಿಧಾನವಿದೆ. ಪೂರ್ತಿ ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ಇಂಪ್ಲಾಂಟಿಗೆ ಹಣ ಹಾಕುವ ಮನಸ್ಸಿದ್ದರೆ ನಿಮ್ಮ ಎಡಗಡೆಯ ಸಂದಿಗಿಂತ ಅತ್ತೆಯವರ ದವಡೆಯಲ್ಲಿ ಅದರ ಫಲ ಹೆಚ್ಚು. ರಾತ್ರಿ ಸೆಟ್ ತೆಗೆದು ತಣ್ಣೀರಿನಲ್ಲಿ ಇಡಲಿ. ಬಿಸಿನೀರಿನಲ್ಲಿ ಅದು ಸೊಟ್ಟಗಾಗುತ್ತದೆ.

ಅವರು ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಿ. ಅಂಥ ಕೆಲವು ಔಷಧಗಳಿದ್ದಾಗ ದವಡೆಯ ಮೂಳೆಗೆ ಕೈ ಹಾಕಿದರೆ ಗಾಯ ಮಾಯದೆ ಉಳಿಯುವ ಅಪಾಯವಿದೆ. ತೋರಿಸಲು ಹೋಗುವಾಗ ಔಷಧದ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ವೈದ್ಯರು ಕೇಳದಿದ್ದರೂ ನೀವೇ ಮುಂದಿಡಿ. ಮಾತ್ರೆಯನ್ನು ಮಾತ್ರ ಯಾರನ್ನೂ ಕೇಳದೆ ನಿಲ್ಲಿಸಬೇಡಿ.